ಎಚ್ಚರಿಕೆಯ ಬಣ್ಣ ತೊಟ್ಟ ಮೊದಲ ಹುಳು ಬದುಕಿದ್ದು ಹೇಗೆ?

ಹಿತ್ತಲಕಡೆ (ಶಿರಸಿ):

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಶಾಲೆಯ ಹಿಂಬದಿಯ ಕರಿಬೇವಿನ ಗಿಡದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳುಗಳು ಕಾಣಿಸಿಕೊಳ್ಳುತ್ತವೆ. ಚಿಕ್ಕದಿರುವಾಗ ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆ ಎಂದೇ ತೋರುವ ಈ ಹುಳು, ಕೊನೆಯ ಸಲ ಪೊರೆ ಕಳಚಿದ ಮೇಲೆ ಎಲೆಯಷ್ಟೇ ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಅಡಗಿಕೊಂಡಷ್ಟೂ ಬದುಕುವ ಅವಕಾಶ ಹೆಚ್ಚು ಎಂದು ಇಷ್ಟನ್ನು ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ.

ಆದರೆ ಅದೇ ಬೇಲಿಯ ಮೇಲೆ ಹಬ್ಬಿರುವ ಈಶ್ವರಿ ಬಳ್ಳಿಯಲ್ಲಿ ಕಾಮನ್ ರೋಸ್ ಚಿಟ್ಟೆಯ ಹುಳುಗಳಿವೆ. ಕಪ್ಪುಗೆಂಪಿನ ಮೈ, ಮೈಯುದ್ದಕ್ಕೂ ಸಾಲಾಗಿ ಎದ್ದ ಮೆತ್ತನೆಯ ಕೆಂಪು ಗುಬುಟುಗಳು, ನಡುವಿಗೆ ಒಂದು ಬಿಳಿಯ ಪಟ್ಟಿ. ಹಾಡುಹಗಲಿನಲ್ಲಿ ಎಲೆಯ ಮೇಲೆ ಕುಳಿತು ಮೇಯುತ್ತವೆ. ಬಳ್ಳಿಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡಿರುವುದರಿಂದ ಹಕ್ಕಿಗಳು ಇವುಗಳ ತಂಟೆಗೆ ಬರುವುದಿಲ್ಲ, ಈ ಬಣ್ಣ ಅದರ ಎಚ್ಚರಿಕೆ ಎಂದು ನಾನು ಹೇಳಿದಾಗ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಕಹಿಯಾದರೂ ಮಂಕು ಬಣ್ಣದ್ದಾಗಿದ್ದ ಹುಳುಗಳ ನಡುವೆ ಮೊಟ್ಟಮೊದಲಿಗೆ ಒಂದು ಕೆಂಪು ಹುಳು ಹುಟ್ಟಿತು ಎನ್ನೋಣ. ಕೆಂಪೆಂದರೆ ಕಹಿ ಎಂಬುದು ಆಗ ಯಾವ ಹಕ್ಕಿಗೂ ತಿಳಿದಿರಲಿಲ್ಲ. ಹಾಗಿದ್ದಮೇಲೆ ಅದು ಉಳಿದೆಲ್ಲವುಗಳಿಗಿಂತ ಮೊದಲು ಕಣ್ಣಿಗೆ ಬಿದ್ದು ಸಾಯಬೇಕಲ್ಲವೇ? ಹಕ್ಕಿಗೆ ಪಾಠವಾಗಿರಬಹುದು, ಆದರೆ ಸತ್ತ ಹುಳುವಿನ ಬಣ್ಣ ಮುಂದಿನ ಪೀಳಿಗೆಗೆ ದಾಟುವುದು ಹೇಗೆ?

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ ನನ್ನದು. ವಿಷವಿಲ್ಲದ ಚಿಟ್ಟೆ ವಿಷವುಳ್ಳ ಚಿಟ್ಟೆಯನ್ನು ಹೋಲುವಂತೆ ಆಗುವಾಗ, ನಡುವಿನ ಹಂತದ ಅರೆಬರೆ ಹೋಲಿಕೆಯಿಂದ ಏನು ಪ್ರಯೋಜನ? ಬಲ್ಲವರು ದಯವಿಟ್ಟು ವಿವರಿಸಬೇಕು.

ಕಾಳಿದಂಡೆ (ಕಾರವಾರ):

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಈ ವಿಷಯದ ನಡುಮನೆಯಲ್ಲೇ ಇದೆ. ಪಠ್ಯಗಳು ಸಾಮಾನ್ಯವಾಗಿ ಎಚ್ಚರಿಕೆಯ ಬಣ್ಣದ ಲಾಭವನ್ನಷ್ಟೇ ಹೇಳಿ, ಆ ಬಣ್ಣ ಅಪರೂಪವಾಗಿದ್ದಾಗಿನ ಕಷ್ಟವನ್ನು ಹಾರಿಸಿಬಿಡುತ್ತವೆ ಎಂಬುದು ನನ್ನ ಬಹುದಿನದ ಆಕ್ಷೇಪ.

ಮೊದಲು ಸ್ವಲ್ಪ ಹಿನ್ನೆಲೆ. ಗಾಢ ಬಣ್ಣಗಳು ಸಂಗಾತಿಯನ್ನು ಸೆಳೆಯಲು ವಿಕಾಸಗೊಂಡವು ಎಂದು ವಾದಿಸುತ್ತಿದ್ದ ಡಾರ್ವಿನ್‌ಗೆ, ಸಂತಾನಕ್ಕೂ ಕೂಡುವಿಕೆಗೂ ಸಂಬಂಧವೇ ಇಲ್ಲದ ಮರಿಹುಳುಗಳಿಗೆ ಇಷ್ಟು ಬಣ್ಣವೇಕೆ ಎಂಬುದು ಬಿಡಿಸಲಾಗದ ಒಗಟಾಗಿತ್ತು. ಅಮೆಜಾನ್ ಕಾಡುಗಳಲ್ಲಿ ಹನ್ನೊಂದು ವರ್ಷ ಕಳೆದು ಬಂದಿದ್ದ ಹೆನ್ರಿ ವಾಲ್ಟರ್ ಬೇಟ್ಸ್ ಅವರನ್ನು ಕೇಳಿದಾಗ, ವಾಲೇಸ್ ಅವರನ್ನು ಕೇಳಿ ಎಂದು ಅವರು ಸೂಚಿಸಿದರು. 1867ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಕೊಟ್ಟ ಉತ್ತರದ ತಿರುಳು ಇಷ್ಟು: ಮರಿಹುಳುವಿನ ಮೈ ಬಹಳ ಮೆದು, ಹಕ್ಕಿ ಕುಕ್ಕಿ ನೋಡಿ ಉಗುಳಿದರೂ ಅದು ಬದುಕುವುದಿಲ್ಲ, ಆದ್ದರಿಂದ ಬಾಯಿಗೆ ಹಾಕಿಕೊಳ್ಳುವ ಮೊದಲೇ ತಾನು ತಿನ್ನಲು ತಕ್ಕುದಲ್ಲ ಎಂದು ತಿಳಿಸುವ ಗುರುತು ಅದಕ್ಕೆ ಬೇಕು. ಲಾಭವೇನೆಂಬುದು ಇದರಿಂದ ತಿಳಿಯಿತು. ಆರಂಭ ಹೇಗಾಯಿತೆಂಬುದು ತಿಳಿಯಲಿಲ್ಲ.

ಆರಂಭದ ಪ್ರಶ್ನೆಗೆ 1930ರಲ್ಲಿ ತಳಿವಿಜ್ಞಾನಿ ರೊನಾಲ್ಡ್ ಫಿಶರ್ ಒಂದು ದಾರಿ ತೋರಿಸಿದರು. ಅನೇಕ ಕಹಿ ಹುಳುಗಳು ಒಂದೇ ತಾಯಿ ಒಂದೆಡೆ ಇಟ್ಟ ಮೊಟ್ಟೆಗಳಿಂದ ಹೊರಬಂದು ಗುಂಪಾಗಿಯೇ ಮೇಯುತ್ತವೆ. ಗುಂಪಿನ ಒಂದು ಕೆಂಪು ಹುಳು ಸತ್ತು ಹಕ್ಕಿಗೆ ಪಾಠ ಕಲಿಸಿದರೆ ಉಳಿಯುವವರು ಅದರ ಒಡಹುಟ್ಟುಗಳು, ಅಂದರೆ ಅದೇ ಬಣ್ಣದ ವಂಶವಾಹಿಯನ್ನು ಹೊತ್ತಿರುವ ಸಂಭವ ಹೆಚ್ಚಿರುವವು. ಹೀಗಾಗಿ ಸತ್ತ ಹುಳುವಿನ ಬಣ್ಣ ಅದರ ಅಕ್ಕತಂಗಿಯರ ಮೂಲಕ ದಾಟುತ್ತದೆ.

ಎರಡನೆಯದಾಗಿ, ಎದ್ದು ಕಾಣುವ ಬಣ್ಣವನ್ನು ಹಕ್ಕಿ ಬೇಗ ಕಲಿಯುತ್ತದೆ. 1980ರಲ್ಲಿ ಗಿಟಲ್‌ಮನ್ ಮತ್ತು ಹಾರ್ವೆ ಎಂಬ ವಿಜ್ಞಾನಿಗಳು ಕೋಳಿಮರಿಗಳಿಗೆ ಬಣ್ಣ ಹಚ್ಚಿದ ಕಹಿ ತುಣುಕುಗಳನ್ನು ಕೊಟ್ಟು ನೋಡಿದರು. ಕೆಲವು ಹಿನ್ನೆಲೆಯ ಬಣ್ಣದವೇ ಆಗಿದ್ದರೆ, ಕೆಲವು ಅದಕ್ಕೆ ವಿರುದ್ಧವಾದ ಬಣ್ಣದವು. ಶುರುವಿನಲ್ಲಿ ಎದ್ದು ಕಾಣುವ ತುಣುಕುಗಳೇ ಹೆಚ್ಚು ಖರ್ಚಾದವು. ಅಲ್ಲಿಯವರೆಗೆ ನಿಮ್ಮ ವಿದ್ಯಾರ್ಥಿನಿಯ ತರ್ಕ ಸರಿ. ಆದರೆ ಮರಿಗಳು ಅವುಗಳನ್ನು ಬೇಗನೆ ಬಿಟ್ಟುಬಿಟ್ಟದ್ದರಿಂದ, ಪ್ರಯೋಗ ಮುಗಿಯುವಷ್ಟರಲ್ಲಿ ಒಟ್ಟು ಲೆಕ್ಕದಲ್ಲಿ ಕಡಿಮೆ ನಷ್ಟವಾದದ್ದೂ ಅವುಗಳಿಗೇ. ಅಡಗಿಕೊಂಡ ಕಹಿ ತುಣುಕು ಮಾತ್ರ ನಿಧಾನವಾಗಿ ತಿನ್ನಿಸಿಕೊಳ್ಳುತ್ತಲೇ ಹೋಯಿತು.

ಫಿನ್ಲೆಂಡಿನ ಅಲಟಾಲೊ ಮತ್ತು ಮಾಪ್ಪೆಸ್ 1996ರಲ್ಲಿ ಇದನ್ನೇ ಇನ್ನಷ್ಟು ಬಿಗಿಯಾಗಿ ಪರೀಕ್ಷಿಸಿದರು. ಹಕ್ಕಿಯ ಪೂರ್ವಜರು ಯಾವ ಕಾಲಕ್ಕೂ ಕಂಡಿರಲಾರದ ಚಿಹ್ನೆಗಳುಳ್ಳ ಕೃತಕ ಬೇಟೆಯನ್ನು ಗ್ರೇಟ್ ಟಿಟ್ ಹಕ್ಕಿಗಳ ಮುಂದಿಟ್ಟಾಗ, ಕಹಿ ಬೇಟೆ ಗುಂಪಿನಲ್ಲಿದ್ದರೆ ಅದರ ಬದುಕುಳಿಯುವ ಪ್ರಮಾಣ ಹೆಚ್ಚಿತ್ತು. ಫಿಶರ್ ಅವರ ಊಹೆಗೆ ಇದು ಒಳ್ಳೆಯ ಬೆಂಬಲ.

ತೋಟಪಟ್ಟಿ (ಸಿದ್ದಾಪುರ):

ಕಾಳಿದಂಡೆಯವರ ವಿವರಣೆ ಓದಿದೆ. ನಾನು ಅಡಿಕೆ ಬೆಳೆಗಾರ, ವಿಜ್ಞಾನ ಓದಿದವನಲ್ಲ. ಆದರೂ ಒಂದು ಸಂದೇಹ. ನಮ್ಮಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಚಳಿಗಾಲದಲ್ಲಿ ಕಳ್ಳಿಪೀರ ಹಕ್ಕಿಗಳು ತಂತಿಯ ಮೇಲೆ ಸಾಲಾಗಿ ಕುಳಿತು, ಹಾರುವ ಜೇನನ್ನು ಹಿಡಿದು, ಅದರ ಹಿಂಭಾಗವನ್ನು ತಂತಿಗೆ ಉಜ್ಜಿ ಮುಳ್ಳು ತೆಗೆದು ನುಂಗುತ್ತವೆ. ಕಾಜಾಣವೂ ಬಿಡುವುದಿಲ್ಲ. ಜೇನಿಗೇ ತನ್ನ ಪಟ್ಟೆಯಿಂದ ರಕ್ಷಣೆ ಸಿಗದಿರುವಾಗ, ಜೇನಿನ ವೇಷ ಹಾಕಿದ ನೊಣಕ್ಕೆ ಎಲ್ಲಿಂದ ಸಿಗಬೇಕು? ದಾಸವಾಳದ ಹತ್ತಿರ ನಿಂತಲ್ಲೇ ಹಾರುವ ಹಳದಿ ಪಟ್ಟೆಯ ನೊಣವನ್ನು ಹತ್ತಿರದಿಂದ ನೋಡಿದ್ದೇನೆ. ಎರಡೇ ರೆಕ್ಕೆ, ಮೊಂಡು ಮೀಸೆ, ಮುಖವೆಲ್ಲ ಕಣ್ಣು. ನನಗೇ ಮೋಸವಾಗದ ವೇಷಕ್ಕೆ ಹಕ್ಕಿ ಮೋಸಹೋದೀತೇ?

ಶರಾವತಿಸೀಮೆ (ಹೊನ್ನಾವರ):

ತೋಟಪಟ್ಟಿಯವರೇ, ಸಂದೇಹ ನ್ಯಾಯವಾದದ್ದು. ಎಚ್ಚರಿಕೆಯ ಬಣ್ಣ ಎಲ್ಲ ಭಕ್ಷಕರನ್ನೂ ತಡೆಯಬೇಕಿಲ್ಲ. ಜೇನನ್ನೇ ಕಸುಬಾಗಿಸಿಕೊಂಡ ಕಳ್ಳಿಪೀರ ಒಂದಿದ್ದರೆ, ಜೇನನ್ನು ಬಿಟ್ಟು ಬೇರೆ ಹುಳು ಹುಡುಕುವ ಹಕ್ಕಿ, ಓತಿಕ್ಯಾತಗಳು ಹಲವಿವೆ. ಪಟ್ಟೆಯಿಲ್ಲದ ನೊಣಕ್ಕಿಂತ ಪಟ್ಟೆಯಿರುವ ನೊಣ ಸರಾಸರಿಯಲ್ಲಿ ತುಸು ಹೆಚ್ಚು ಉಳಿದರೆ ನಿಸರ್ಗದ ಆಯ್ಕೆಗೆ ಅಷ್ಟೇ ಸಾಕು. ನೀವು ಬಿಡುವಾಗಿ ನಿಂತು ರೆಕ್ಕೆ ಎಣಿಸಿದಿರಿ. ಹಕ್ಕಿಗೆ ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು, ತಪ್ಪಿದರೆ ಬಾಯಿಗೆ ಮುಳ್ಳು. ಮಾದರಿ, ಅಂದರೆ ನಕಲಿಗೆ ಒಳಗಾದ ಅಸಲಿ ಜೀವಿ, ಎಷ್ಟು ಅಪಾಯಕಾರಿಯೋ ಅಷ್ಟರಮಟ್ಟಿಗೆ ಹಕ್ಕಿ ದೂರದ ಹೋಲಿಕೆಗೂ ಹಿಂಜರಿಯುತ್ತದೆ. ಅಂಥ ಮಾದರಿ ಇದ್ದಾಗ ಒರಟು ವೇಷವೂ ನಡೆಯುತ್ತದೆ. ಮೇಡಂ ಅವರ ‘ಅರೆಬರೆ ಹೋಲಿಕೆ’ಯ ಪ್ರಶ್ನೆಗೂ ಅರ್ಧ ಉತ್ತರ ಇಲ್ಲಿದೆ.

ಕಾಳಿದಂಡೆಯವರ ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ಗುಂಪು ಮೊದಲು, ಬಣ್ಣ ಆಮೇಲೆ ಎಂಬ ಕ್ರಮಕ್ಕೆ ಅವರು ಹೆಚ್ಚು ಒತ್ತು ಕೊಟ್ಟರು. ಸ್ವೀಡನ್ನಿನ ಸಿಲೆನ್-ಟುಲ್‌ಬರ್ಗ್ 1988ರಲ್ಲಿ ಚಿಟ್ಟೆಗಳ ವಂಶವೃಕ್ಷದ ಮೇಲೆ ಈ ಎರಡು ಗುಣಗಳನ್ನು ಗುರುತಿಸಿ ನೋಡಿದಾಗ, ಬಹಳಷ್ಟು ಕವಲುಗಳಲ್ಲಿ ಎಚ್ಚರಿಕೆಯ ಬಣ್ಣವೇ ಮೊದಲು ಬಂದು ಗುಂಪುಗೂಡುವಿಕೆ ನಂತರ ಬಂದಿರುವುದು ಕಂಡಿತು. ಹಾಗಾದರೆ ಒಂಟಿ ಹುಳುವಿಗೂ ಆ ಬಣ್ಣದಿಂದ ನೇರ ಲಾಭ ಇರಲೇಬೇಕು. ಅದಕ್ಕೆ ಅವರದೇ 1985ರ ಪ್ರಯೋಗ ಉದಾಹರಣೆ. ಲೈಗಿಯಸ್ ಎಂಬ ತಿಗಣೆ ಜಾತಿಯ ಕೀಟದಲ್ಲಿ ಸಹಜವಾದ ಕೆಂಪು ಮರಿಗಳೂ, ಅಷ್ಟೇ ಕೆಟ್ಟ ರುಚಿಯ ಬೂದು ಮರಿಗಳೂ ಇದ್ದವು. ಹಕ್ಕಿಗಳು ಕೆಂಪಿನವುಗಳ ಮೇಲೆ ಎರಗಲು ಹೆಚ್ಚು ಹಿಂಜರಿದವು. ಹಿಡಿದರೂ ಕೆಂಪಿನವು ಜೀವಂತ ಬಿಡುಗಡೆಯಾಗುವ ಪ್ರಮಾಣ ಬೂದು ಮರಿಗಳಿಗಿಂತ ಹೆಚ್ಚಿತ್ತು. ಅಂದರೆ ಪಾಠ ಕಲಿಸಿದ ಹುಳು ಸಾಯಲೇಬೇಕೆಂದಿಲ್ಲ. ದೊಡ್ಡ ಚಿಟ್ಟೆಗಳಲ್ಲಂತೂ ಇದು ಇನ್ನೂ ಸ್ಪಷ್ಟ. ಕಾಮನ್ ಕ್ರೋ, ಪ್ಲೇನ್ ಟೈಗರ್, ರೋಸ್ ಚಿಟ್ಟೆಗಳ ಮೈ ತೊಗಲಿನಷ್ಟು ಗಟ್ಟಿ. ಹಿಂರೆಕ್ಕೆಯಲ್ಲಿ ಕೊಕ್ಕಿನ ಆಕಾರದ ಹರುಕು ಇಟ್ಟುಕೊಂಡೇ ಕೇಪಳದ ಹೂವಿನಿಂದ ಹೂವಿಗೆ ಹಾರುವ ರೋಸ್ ಚಿಟ್ಟೆಯನ್ನು ನಮ್ಮ ಕಡೆ ಯಾರು ಬೇಕಾದರೂ ನೋಡಬಹುದು.

ಇದಲ್ಲದೆ ಪರಿಚಯವಿಲ್ಲದ ಬಣ್ಣದ ತಿನಿಸನ್ನು ಕೆಲವು ಹಕ್ಕಿಗಳು ವಾರಗಟ್ಟಲೆ ಮುಟ್ಟುವುದೇ ಇಲ್ಲ. ಹೊಸದೆಂಬ ಕಾರಣಕ್ಕೇ ಮೊದಲ ಕೆಂಪು ಹುಳುವಿಗೆ ಕೆಲ ಕಾಲದ ರಿಯಾಯಿತಿ ಸಿಗುತ್ತದೆ. ಇನ್ನು ಪ್ರತಿ ಹಕ್ಕಿಯೂ ಸ್ವತಃ ಕಹಿ ಉಣ್ಣಬೇಕೆಂದೂ ಇಲ್ಲ. ಒಂದು ಹಕ್ಕಿ ಕಹಿ ಬೇಟೆಯನ್ನು ಬಾಯಿಗೆ ಹಾಕಿಕೊಂಡು ತಲೆ ಕೊಡವಿ, ಕೊಕ್ಕನ್ನು ಕೊಂಬೆಗೆ ಒರೆಸಿಕೊಳ್ಳುವ ವಿಡಿಯೊ ತೋರಿಸಿದಾಗ, ಅದನ್ನು ನೋಡಿದ ಗ್ರೇಟ್ ಟಿಟ್‌ಗಳು ಆ ಗುರುತಿನ ಬೇಟೆಯನ್ನು ಕಡಿಮೆ ತಿಂದವು ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಹಾಗಾಗಿ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನನ್ನ ಉತ್ತರ: ಮೊದಲ ಕೆಂಪು ಹುಳು ಸಾಯಲೇಬೇಕಿತ್ತು ಎಂಬ ಊಹೆಯೇ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಹುಳುವಿನ ಬಣ್ಣವನ್ನು ತಿದ್ದುವುದು ಹಕ್ಕಿಯ ಕಣ್ಣು, ಅದರ ನೆನಪು, ಅದರ ಅಂಜಿಕೆ. ಹುಳುವನ್ನು ಬಿಟ್ಟು ಹಕ್ಕಿಯ ತಲೆಯೊಳಗಿನಿಂದ ನೋಡಿದರೆ ಈ ಒಗಟಿನ ಬಹುಪಾಲು ಬಿಡಿಸಿಕೊಳ್ಳುತ್ತದೆ.

ಈಗ ಅರೆಬರೆ ಹೋಲಿಕೆಯ ಉಳಿದ ಅರ್ಧ. ಮೇಡಂ, ನಿಮ್ಮ ಕರಿಬೇವಿನ ಗಿಡದ ಹುಳುವೇ ಈ ವಾದದ ಕೇಂದ್ರದಲ್ಲಿ ನೂರು ವರ್ಷಕ್ಕೂ ಮಿಕ್ಕಿ ಕುಳಿತಿದೆ! ಕಾಮನ್ ಮಾರ್ಮನ್ ಗಂಡಿಗೆ ಒಂದೇ ರೂಪ: ಕಪ್ಪು ರೆಕ್ಕೆ, ಹಿಂರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು. ಹೆಣ್ಣಿಗೆ ನಮ್ಮಲ್ಲಿ ಮೂರು ರೂಪ. ಒಂದು ಗಂಡಿನ ಪ್ರತಿರೂಪ, ಇನ್ನೊಂದು ಕಾಮನ್ ರೋಸ್ ಚಿಟ್ಟೆಯ ನಕಲು, ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯ ನಕಲು. ಇವೆಲ್ಲ ಒಂದೇ ಪ್ರಭೇದದ ಹೆಣ್ಣುಗಳೆಂದು 1865ರಲ್ಲಿ ವಾಲೇಸ್ ತೋರಿಸಿಕೊಟ್ಟರು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ರೂಪದ ಹೆಣ್ಣುಗಳು ಹುಟ್ಟುತ್ತವೆ, ಆದರೆ ನಡುವಿನ ರೂಪ ಹುಟ್ಟುವುದಿಲ್ಲ. ಹಾಗಾಗಿ ಹೋಲಿಕೆ ಒಂದೇ ಜಿಗಿತದಲ್ಲಿ, ಒಂದು ದೊಡ್ಡ ಬದಲಾವಣೆಯಿಂದ ಬಂದಿರಬೇಕೆಂದು 1915ರಲ್ಲಿ ತಳಿವಿಜ್ಞಾನಿ ಪನೆಟ್ ವಾದಿಸಿದರು. ಸಣ್ಣ ಸಣ್ಣ ಬದಲಾವಣೆಗಳು ಕೂಡಿಯೇ ಇಷ್ಟು ನಿಖರ ಹೋಲಿಕೆ ಬರಲು ಸಾಧ್ಯ, ಇಂದು ರೂಪವನ್ನು ನಿರ್ಧರಿಸುವ ಕೀಲಿ ಒಂದೇ ಇದ್ದರೂ ಹೋಲಿಕೆಯೆಲ್ಲ ಒಮ್ಮೆಗೇ ಬಂತೆಂದು ಅರ್ಥವಲ್ಲ ಎಂದು ಫಿಶರ್ ಪ್ರತಿವಾದ ಹೂಡಿದರು. ನಡುದಾರಿ ಹಿಡಿದವರೂ ಇದ್ದರು: ಮೊದಲು ಒಂದು ದೊಡ್ಡ ಬದಲಾವಣೆಯಿಂದ ಹಕ್ಕಿಯನ್ನು ಗೊಂದಲಗೊಳಿಸುವಷ್ಟು ಒರಟು ಹೋಲಿಕೆ, ಆಮೇಲೆ ಸಣ್ಣ ಬದಲಾವಣೆಗಳಿಂದ ಅದರ ತಿದ್ದುಪಡಿ.

2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅವರ ಸಂಗಡಿಗರು ಈ ಕೀಲಿಯನ್ನು ಪತ್ತೆ ಮಾಡಿದರು. ಅದು ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ. ಕೀಟಗಳಲ್ಲಿ ಗಂಡು ಮೈ, ಹೆಣ್ಣು ಮೈ ಎಂಬ ವ್ಯತ್ಯಾಸವನ್ನು ರೂಪಿಸುವ ಹಳೆಯ ವಂಶವಾಹಿ ಇದು. ಕಾಮನ್ ರೋಸ್ ನಕಲಿನ ಹೆಣ್ಣುಗಳಲ್ಲಿ ಈ ವಂಶವಾಹಿಯಿರುವ ವರ್ಣತಂತುವಿನ ತುಂಡು ತಲೆಕೆಳಗಾಗಿ ಕೂತಿದೆ. ತಿರುಗಿ ಕೂತ ತುಂಡು ನೇರ ತುಂಡಿನೊಡನೆ ಅದಲುಬದಲಾಗುವುದಿಲ್ಲವಾದ್ದರಿಂದ, ಅದರೊಳಗೆ ಕಾಲಕ್ರಮೇಣ ಕೂಡಿದ ಬದಲಾವಣೆಗಳು ಒಟ್ಟಾಗಿಯೇ ಉಳಿದು, ಒಟ್ಟಾಗಿಯೇ ಮಗಳಿಗೆ ಹೋಗುತ್ತವೆ. ಒಂದೇ ವಂಶವಾಹಿ ಎಂಬುದರಲ್ಲಿ ಪನೆಟ್ ಅವರ ಮಾತಿಗೆ ಬಲ ಬಂತು. ಆ ವಂಶವಾಹಿಯೊಳಗೆ ಅನೇಕ ಬದಲಾವಣೆಗಳು ಸಂಚಯವಾಗಿವೆ ಎಂಬುದರಲ್ಲಿ ಫಿಶರ್ ಅವರ ಮಾತಿಗೆ.

ಗಂಡಿಗೆ ಈ ವೇಷ ಏಕಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮೊಟ್ಟೆ ಹೊತ್ತ ಹೆಣ್ಣು ಭಾರವಾಗಿ ನಿಧಾನ ಹಾರುತ್ತದೆ, ಮೊಟ್ಟೆಯಿಡಲು ಗಿಡದಿಂದ ಗಿಡಕ್ಕೆ ಸುಳಿದಾಡುತ್ತದೆ. ಹಕ್ಕಿಯ ಭಯ ಅದಕ್ಕೇ ಹೆಚ್ಚೆಂಬುದು ಒಂದು ವಿವರಣೆ. ರೂಪ ಬದಲಾದ ಗಂಡನ್ನು ಹೆಣ್ಣು ಒಪ್ಪಲಾರದು ಎಂಬುದು ಇನ್ನೊಂದು, ಇದಕ್ಕೆ ಆಧಾರ ನನ್ನ ದೃಷ್ಟಿಯಲ್ಲಿ ತೆಳು.

ಕಾಳಿದಂಡೆ (ಕಾರವಾರ):

ವಂಶವೃಕ್ಷದ ಅಧ್ಯಯನವನ್ನು ಶರಾವತಿಸೀಮೆಯವರು ಸೇರಿಸಿದ್ದು ಒಳ್ಳೆಯದಾಯಿತು. ನಾನು ಸಂಖ್ಯೆಯ ವಿಚಾರವನ್ನಷ್ಟು ಹೇಳುತ್ತೇನೆ, ಏಕೆಂದರೆ ವಿಷವುಳ್ಳದ್ದು ವಿಷವುಳ್ಳದ್ದನ್ನು ಹೋಲುವುದು ಮತ್ತು ವಿಷವಿಲ್ಲದ್ದು ವಿಷವುಳ್ಳದ್ದನ್ನು ಹೋಲುವುದು ತೋರಿಕೆಗೆ ಒಂದೇ ಆದರೂ ಲೆಕ್ಕದಲ್ಲಿ ತದ್ವಿರುದ್ಧ.

ಮೊದಲನೆಯದಕ್ಕೆ ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ನಿಸರ್ಗತಜ್ಞ ಫ್ರಿಟ್ಜ್ ಮ್ಯೂಲರ್ 1879ರಲ್ಲಿ ಕೊಟ್ಟ ಲೆಕ್ಕ ತರಗತಿಯ ಹಲಗೆಯ ಮೇಲೆ ಬರೆಯುವಂತಿದೆ. ಒಂದು ಪ್ರದೇಶದಲ್ಲಿ ಎರಡು ಕಹಿ ಪ್ರಭೇದಗಳಿವೆ. ಒಂದರಲ್ಲಿ 10,000 ಚಿಟ್ಟೆ, ಇನ್ನೊಂದರಲ್ಲಿ 2,000. ಒಂದು ರೂಪ ಕಹಿಯೆಂದು ಕಲಿಯುವಷ್ಟರಲ್ಲಿ ಅಲ್ಲಿಯ ಹಕ್ಕಿಗಳು 1,200 ಚಿಟ್ಟೆಗಳನ್ನು ಕೊಲ್ಲುತ್ತವೆ ಎಂದಿಟ್ಟುಕೊಳ್ಳಿ. ರೂಪ ಬೇರೆ ಬೇರೆಯಾದರೆ ಎರಡೂ 1,200ರಂತೆ ಕಳೆದುಕೊಳ್ಳುತ್ತವೆ. ಚಿಕ್ಕ ಪ್ರಭೇದಕ್ಕೆ ಅದು ಅರ್ಧಕ್ಕಿಂತ ಹೆಚ್ಚು. ರೂಪ ಒಂದೇ ಆದರೆ ಅದೇ 1,200 ಎರಡರ ನಡುವೆ 1,000 ಮತ್ತು 200 ಎಂದು ಹಂಚಿಹೋಗುತ್ತದೆ. ದೊಡ್ಡದಕ್ಕೆ ಉಳಿತಾಯ ಶೇಕಡಾ 2, ಚಿಕ್ಕದಕ್ಕೆ ಶೇಕಡಾ 50. ಅಪರೂಪದ್ದು ಸಾಮಾನ್ಯವಾದದ್ದರ ಕಡೆಗೆ ಏಕೆ ವಾಲುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಕಾರಣ ನನಗೆ ಗೊತ್ತಿಲ್ಲ. ನಮ್ಮ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಗ್ಲಾಸಿ ಟೈಗರ್ ಚಿಟ್ಟೆಗಳನ್ನು ಹಾರುವಾಗ ಬೇರೆಬೇರೆಯಾಗಿ ಗುರುತಿಸಲು ಪಳಗಿದವರಿಗೂ ತೊಡಕಾಗುವುದು ಈ ಬಗೆಯ ಹೋಲಿಕೆಯಿಂದ.

ಬೇಟ್ಸ್ 1862ರಲ್ಲಿ ವಿವರಿಸಿದ ಎರಡನೆಯ ಬಗೆಯಲ್ಲಿ ನಕಲು ಹೆಚ್ಚಿದಷ್ಟೂ ಕೆಡುಕು. ಹಕ್ಕಿಗೆ ಆ ರೂಪದ ಚಿಟ್ಟೆಯಲ್ಲಿ ರುಚಿಯಾದದ್ದೇ ಪದೇ ಪದೇ ಸಿಕ್ಕರೆ ಪಾಠ ಮಾಸಿಹೋಗುತ್ತದೆ; ಆಗ ಅಸಲಿಗೂ ನಷ್ಟ, ನಕಲಿಗೂ ನಷ್ಟ. ಒಂದು ನಕಲಿನ ಬೆಲೆ ಇಳಿದಾಗ ಇನ್ನೊಂದು ಮಾದರಿಯ ನಕಲು ಲಾಭದಾಯಕವಾಗುತ್ತದೆ. ಮಾರ್ಮನ್ ಹೆಣ್ಣಿಗೆ ಒಂದಕ್ಕಿಂತ ಹೆಚ್ಚು ರೂಪಗಳು ಒಟ್ಟಿಗೆ ಉಳಿದಿರುವುದಕ್ಕೆ ಇದು ಮುಖ್ಯ ಕಾರಣ. ದಾಲ್ಚಿನ್ನಿ ಗಿಡದಲ್ಲಿ ಬೆಳೆಯುವ ಕಾಮನ್ ಮೈಮ್ ಚಿಟ್ಟೆಯೂ ಹೀಗೆಯೇ, ಒಂದು ರೂಪದಲ್ಲಿ ಕಾಮನ್ ಕ್ರೋ, ಇನ್ನೊಂದರಲ್ಲಿ ಬ್ಲೂ ಟೈಗರ್. ಮಾದರಿ ಇಲ್ಲದ ಊರಿನಲ್ಲಿ ನಕಲೂ ಇರುವುದಿಲ್ಲ: ಜಪಾನಿನ ದಕ್ಷಿಣ ದ್ವೀಪಗಳಲ್ಲಿ ಮಾರ್ಮನ್ ಚಿಟ್ಟೆ ಇದೆ, ಕ್ರಿಮ್ಸನ್ ರೋಸ್ ಇಲ್ಲ, ಅದರ ನಕಲಿನ ಹೆಣ್ಣೂ ಅಲ್ಲಿಲ್ಲ.

ಹಿತ್ತಲಕಡೆ (ಶಿರಸಿ):

ಮೂವರಿಗೂ ಧನ್ಯವಾದಗಳು. ಮ್ಯೂಲರ್ ಅವರ ಲೆಕ್ಕವನ್ನು ಖಂಡಿತ ಹಲಗೆಯ ಮೇಲೆ ಬರೆಯುತ್ತೇನೆ. ಇನ್ನೆರಡು ಸಣ್ಣ ವಿಷಯಗಳು. ಹೂವಿನ ಮೇಲೆ ಕುಳಿತ ಕಾಮನ್ ರೋಸ್ ಮತ್ತು ಅದರ ನಕಲಿನ ಮಾರ್ಮನ್ ಹೆಣ್ಣನ್ನು ಮಕ್ಕಳು ಹಿಡಿಯದೆಯೇ ಬೇರ್ಪಡಿಸುವುದು ಹೇಗೆ? ಬಣ್ಣದ ಪರಿಣಾಮವನ್ನು ಯಾವ ಹುಳುವಿಗೂ ತೊಂದರೆಯಾಗದಂತೆ ಶಾಲೆಯಲ್ಲಿಯೇ ಪರೀಕ್ಷಿಸಲು ಸಾಧ್ಯವೇ?

ಶರಾವತಿಸೀಮೆ (ಹೊನ್ನಾವರ):

ಮೇಡಂ, ರೆಕ್ಕೆಯನ್ನು ಬಿಟ್ಟು ಮೈ ನೋಡಲು ಹೇಳಿ. ರೋಸ್ ಚಿಟ್ಟೆಗಳ ತಲೆ ಮತ್ತು ಹೊಟ್ಟೆಯ ಭಾಗ ಕೆಂಪು. ಮಾರ್ಮನ್ ಹೆಣ್ಣಿನ ಮೈ ಕಪ್ಪು. ರೆಕ್ಕೆಯಲ್ಲಿ ಎಷ್ಟೇ ನಿಖರ ನಕಲಿದ್ದರೂ ಮೈಯ ಬಣ್ಣ ಬದಲಾಗಿಲ್ಲ. ಹಾರಾಟದಲ್ಲಿಯೂ ವ್ಯತ್ಯಾಸವಿದೆ. ರೋಸ್ ಅವಸರವಿಲ್ಲದೆ ಹಾರುತ್ತದೆ. ಮಾರ್ಮನ್ ಹೆಣ್ಣು ಹಾಯಾಗಿದ್ದಾಗ ಹಾಗೆಯೇ ಹಾರಿದರೂ ಬೆದರಿದೊಡನೆ ತನ್ನ ಕುಲದ ವೇಗದಲ್ಲಿ ಓಡುತ್ತದೆ.

ಪ್ರಯೋಗಕ್ಕೆ ಮಕ್ಕಳು ಆಟವಾಡುವ ಬಣ್ಣದ ಜೇಡಿಯಿಂದ ಒಂದೇ ಗಾತ್ರದ ಹುಳುಗಳನ್ನು ಮಾಡಿಸಿ. ಅರ್ಧದಷ್ಟು ಹಸಿರು, ಅರ್ಧದಷ್ಟು ಕಪ್ಪುಗೆಂಪು. ಮಳೆ ನಿಂತ ಮೇಲೆ, ನವೆಂಬರ್ ಆಚೆಗೆ, ಎರಡೂ ಬಣ್ಣದವನ್ನು ಒಂದೇ ಎತ್ತರದ ಕೊಂಬೆಗಳಿಗೆ ಬೆರೆಸಿ ಅಂಟಿಸಿ, ಪ್ರತಿದಿನ ಒಂದೇ ಹೊತ್ತಿಗೆ ಗುರುತುಗಳನ್ನು ಬರೆದುಕೊಳ್ಳಲಿ. ಹಕ್ಕಿಯ ಕೊಕ್ಕು ಬೆಣೆಯಾಕಾರದ ಕಚ್ಚು ಬಿಡುತ್ತದೆ, ಇಲಿಯ ಹಲ್ಲು ಜೋಡಿಗೆರೆ ಎಳೆಯುತ್ತದೆ, ಇರುವೆಗಳು ಸಣ್ಣ ಸಣ್ಣ ಚುಕ್ಕೆ ಕೊರೆಯುತ್ತವೆ. ಹಕ್ಕಿಯ ಗುರುತನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಚಗಳಿ ಇರುವೆಯ ಗೂಡಿರುವ ಮರ ಬೇಡ, ಅಲ್ಲಿಗೆ ಹಕ್ಕಿಗಳೂ ಮಕ್ಕಳೂ ಹೋಗಲಾರರು. ಜೇಡಿಗೆ ಕಹಿಯಿಲ್ಲವಾದ್ದರಿಂದ ಹಕ್ಕಿ ಈಗಾಗಲೇ ಕಲಿತದ್ದನ್ನೋ ಹುಟ್ಟಿನಿಂದ ತಂದ ಅಂಜಿಕೆಯನ್ನೋ ಮಾತ್ರ ಇದು ತೋರಿಸುತ್ತದೆ, ಹೊಸ ಕಲಿಕೆಯನ್ನಲ್ಲ. ದಿನ ಕಳೆದಂತೆ ಕೆಂಪು ಹುಳುಗಳ ಮೇಲಿನ ಕೊಕ್ಕಿನ ಗುರುತು ಹೆಚ್ಚುತ್ತ ಹೋದರೆ, ಇದು ಬರೀ ಮಣ್ಣೆಂದು ಹಕ್ಕಿಗಳಿಗೆ ತಿಳಿಯಿತೆಂದೂ ಇರಬಹುದು. ಆದ್ದರಿಂದ ಜಾಗವನ್ನು ಆಗಾಗ ಬದಲಿಸುವುದು ಒಳ್ಳೆಯದು.